ಮೂವತ್ತೈದು ವರ್ಷದ ಅನುಭವ, ಆದರೆ ಯಾವುದರದ್ದು?

ಪ್ರಶ್ನೆ: ನಮ್ಮ ಫ್ಯಾಮಿಲಿ ಡಾಕ್ಟರಿಗೆ 35 ವರ್ಷದ ಅನುಭವ. ಮುಖ ನೋಡಿದರೇ ಕಾಯಿಲೆ ಹೇಳುತ್ತಾರೆ. ಬೀದಿಗೆ ಹೊಸದಾಗಿ ಬಂದ ಡಾಕ್ಟರ್ ಇಪ್ಪತ್ತು ಪ್ರಶ್ನೆ ಕೇಳಿ, ಮೊಬೈಲ್ ಬೇರೆ ನೋಡುತ್ತಾರೆ. ಯಾರನ್ನು ನಂಬುವುದು?

ಉತ್ತರ: ಈ ಪ್ರಶ್ನೆ ಎಷ್ಟನೇ ಸಲ ಬಂತೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ‘ಮುಖ ನೋಡಿ ಹೇಳುತ್ತಾರೆ’ ಅಂತ ನೀವು ಹೊಗಳುತ್ತೀರಿ. ನನಗೆ ಭಯವಾಗುತ್ತದೆ.

ಅನುಭವ ದಂಡ ಅಂತಲ್ಲ. ಮಲೆನಾಡಿನ ಹಳೆಯ ಡಾಕ್ಟರು ಬೇಸಿಗೆಯಲ್ಲಿ ಜ್ವರ ಅಂತ ಬಂದವರನ್ನು ‘ಕಾಡಿಗೆ ಹೋಗಿದ್ರಾ? ಅಲ್ಲಿ ಮಂಗ ಸತ್ತಿತ್ತಾ?’ ಅಂತಲೇ ಮೊದಲು ಕೇಳುತ್ತಾರೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಕಲಿಸಿದ ಪಾಠ ಅದು. ಆದರೆ 2005ರಲ್ಲಿ ಹಾರ್ವರ್ಡ್‌ನ ಸಂಶೋಧಕರು 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಷ ಕಳೆದಂತೆ ಡಾಕ್ಟರುಗಳ ಕೆಲಸದ ಗುಣಮಟ್ಟ ಇಳಿದಿತ್ತು.

ಯಾಕೆ ಅಂತ ನನ್ನ ಕ್ಲಿನಿಕ್ಕಿನಲ್ಲೇ ಕಲಿತೆ. ಶುಗರ್ ಇದ್ದ ಅಂಗಡಿ ಯಜಮಾನರೊಬ್ಬರು ಎದೆ ಉರಿ, ಸುಸ್ತು ಅಂತ ಬಂದರು. ಹಿಂದಿನ ರಾತ್ರಿ ಮದುವೆ ಊಟ ಆಗಿತ್ತು. ಗ್ಯಾಸ್ ಅಂದೆ, ಮಾತ್ರೆ ಬರೆದೆ. ಮತ್ತೆ ಬರಲಿಲ್ಲ, ವಾಸಿಯಾಗಿರಬೇಕು ಅಂದುಕೊಂಡೆ. ಮೂರು ವಾರದ ಮೇಲೆ ಅವರ ತಮ್ಮ ಬಿಪಿ ತೋರಿಸೋಕೆ ಬಂದಾಗ ಗೊತ್ತಾಯಿತು: ಅವತ್ತು ರಾತ್ರಿಯೇ ಹಾರ್ಟ್ ಅಟ್ಯಾಕ್, ಸ್ಟೆಂಟ್ ಹಾಕಿಸಿದ್ದಾರೆ. ತಮ್ಮ ಬರದೇ ಇದ್ದಿದ್ದರೆ ನನ್ನ ಲೆಕ್ಕದಲ್ಲಿ ಅದು ಇವತ್ತಿಗೂ ಗ್ಯಾಸೇ. ವಾಪಸ್ ಬಾರದವರೆಲ್ಲ ವಾಸಿಯಾದರು ಅಂದುಕೊಂಡು 35 ವರ್ಷ ಕೂತರೆ ಬೆಳೆಯುವುದು ಧೈರ್ಯ ಮಾತ್ರ.

ಈಗ ನಲವತ್ತು ದಾಟಿದ ಶುಗರ್ ಪೇಷೆಂಟ್ ‘ಗ್ಯಾಸ್’ ಅಂದರೆ ನಾನು ಮೊದಲು ಇಸಿಜಿ ಮಾಡಿಸುತ್ತೇನೆ. ಶುಗರ್ ಇದ್ದವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಸುಮ್ನೆ ದುಡ್ಡು ಕೀಳ್ತಾರೆ ಅಂತ ಬೈಯುತ್ತಾರೆ. ಬೈಯಲಿ.

ನೀವು ಡಾಕ್ಟರ ವಯಸ್ಸು ಎಣಿಸಬೇಡಿ. ‘ಎರಡು ದಿನದಲ್ಲಿ ಕಡಿಮೆ ಆಗದಿದ್ದರೆ ಬನ್ನಿ’ ಅನ್ನುತ್ತಾರಾ? ‘ಬೇರೆ ಏನಾದ್ರೂ ಇರಬಹುದಾ ಸಾರ್’ ಅಂದರೆ ಸಿಡುಕುತ್ತಾರಾ? ಅದನ್ನು ನೋಡಿ. ಬೇರೆ ಆಸ್ಪತ್ರೆಯಲ್ಲಿ ಬೇರೆ ಕಾಯಿಲೆ ಅಂತ ಗೊತ್ತಾದರೆ ಹಳೆ ಡಾಕ್ಟರಿಗೆ ಒಂದು ಫೋನ್ ಮಾಡಿ, ಸಂಕೋಚ ಬೇಡ. ಮೊಬೈಲಿನಲ್ಲಿ ಡೋಸ್ ನೋಡುವ ಡಾಕ್ಟರ್ ಬಗ್ಗೆ ನನಗಂತೂ ದೂರಿಲ್ಲ.

ಪ್ರಶ್ನೆ: ಜ್ವರ ಬಂದಾಗಲೆಲ್ಲ ವಿಡಾಲ್ (ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ) ಪಾಸಿಟಿವ್. ಟೈಫಾಯ್ಡ್ ಮೈಯಲ್ಲೇ ಉಳಿದಿದೆಯಾ?

ಉತ್ತರ: ಒಂದು ವಿಡಾಲ್ ನೋಡಿ ಟೈಫಾಯ್ಡ್ ಅನ್ನಬಾರದು. ಮುಂದಿನ ಸಲ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ, ಮಾಡಿಸಿ.

ಪ್ರಶ್ನೆ: ನಮ್ಮೂರಲ್ಲಿ ಡಿಗ್ರಿ ಇಲ್ಲದವರೊಬ್ಬರು ಒಂದೇ ಇಂಜೆಕ್ಷನ್‌ಗೆ ಜ್ವರ ಇಳಿಸುತ್ತಾರೆ. ಅದೂ ಅನುಭವವೇ ಅಲ್ವಾ?

ಉತ್ತರ: ಸ್ಟೀರಾಯ್ಡ್ ಚುಚ್ಚಿದರೆ ಯಾರು ಬೇಕಾದರೂ ಇಳಿಸಬಹುದು. ಅಲ್ಲಿಗೆ ಹೋಗಬೇಡಿ.