ಬರಿಸ್ತಾ ಕೆಲಸಕ್ಕೆ ಸೇರಬಹುದಾ? ಒಳ್ಳೆಯದೇನು, ಕಷ್ಟವೇನು?

ಕಾಫಿ ಅಂದ್ರೆ ಪ್ರಾಣ, ಅದಕ್ಕೇ ಬರಿಸ್ತಾ (ಕೆಫೆಯಲ್ಲಿ ಕಾಫಿ ಮಾಡಿಕೊಡುವವರು) ಆಗೋಣ ಅಂತಿದ್ದೇನೆ, ಸರಿನಾ ಎಂದು ಕೇಳಿದ್ದೀರಿ. ನಾನು ಕೆಲವು ವರ್ಷ ಕೌಂಟರಿನ ಆಚೆ ಬದಿ ನಿಂತವನು. ಮೊದಲೇ ಹೇಳಿಬಿಡುತ್ತೇನೆ, ಕಾಫಿ ಮಾಡುವುದು ಈ ಕೆಲಸದ ಒಂದು ಪಾಲು ಅಷ್ಟೇ. ಉಳಿದದ್ದೆಲ್ಲ ತೊಳೆಯುವುದು, ಒರೆಸುವುದು, ಜನರನ್ನು ಸಂಭಾಳಿಸುವುದು.

ಆದರೆ ಆ ಒಂದು ಪಾಲು ಇದೆಯಲ್ಲ, ಅದು ನಿಜಕ್ಕೂ ಹುಚ್ಚು ಹಿಡಿಸುತ್ತದೆ. ಬೆಳಗ್ಗೆ ಬಂದ ಕೂಡಲೇ, ಪುಡಿ ಎಷ್ಟು ನುಣ್ಣಗೆ ಬರಬೇಕೋ ಅದಕ್ಕೆ ತಕ್ಕಂತೆ ಗ್ರೈಂಡರ್ ಹೊಂದಿಸಬೇಕು. 18 ಗ್ರಾಂ ಪುಡಿಗೆ 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಎಸ್ಪ್ರೆಸೊ, ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಹಾಯಿಸಿ ತೆಗೆದ ಗಟ್ಟಿ ಕಾಫಿ, ಇಳಿಯಬೇಕು. ಬೇಗ ಇಳಿದರೆ ಹುಳಿ, ತಡವಾದರೆ ಕಹಿ. ನಿನ್ನೆ ಸರಿಯಿದ್ದ ಅಳತೆ ಇವತ್ತು ಕೈಕೊಡುತ್ತದೆ. ಬೀಜ ಹುರಿದು ದಿನ ಕಳೆದಂತೆ ಅದರ ಗುಣ ಬದಲಾಗುತ್ತದೆ, ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ಸ್ಟೀಮ್ ಹಾಯಿಸಿ ಹಾಲಿಗೆ ನೊರೆ ಬರಿಸುವುದಂತೂ ಕಿವಿಯ ಕೆಲಸ. ಶುರುವಿನಲ್ಲಿ ಕಾಗದ ಹರಿದಂಥ ಸದ್ದು ಬರುತ್ತದೆ, ಆಮೇಲೆ ಸ್ಟೀಮ್ ಕೊಳವೆಯ ತುದಿಯನ್ನು ಚೂರು ಒಳಗೆ ಇಳಿಸಿದರೆ ಸದ್ದು ಅಡಗಿ ಹಾಲು ಗಿರಗಿರ ಸುತ್ತುತ್ತದೆ. ಜಗ್ಗಿಗೆ ಇಟ್ಟ ಅಂಗೈ ಇನ್ನು ತಡೆಯಲಾರೆ ಅಂದಾಗ ಸುಮಾರು 60 ಡಿಗ್ರಿ, ಅಲ್ಲಿಗೆ ನಿಲ್ಲಿಸಬೇಕು. 70 ದಾಟಿದರೆ ಸಿಹಿ ಮಾಯ, ಬೆಂದ ವಾಸನೆ ಮಾತ್ರ ಉಳಿಯುತ್ತದೆ. ಇದು ಕೈಗೆ ಹತ್ತಿದ ದಿನದ ಖುಷಿಯೇ ಬೇರೆ.

ಇನ್ನು ಕಷ್ಟ. ಮೈಗೆ ಬೀಳುವ ಪೆಟ್ಟನ್ನು ಯಾರೂ ಮೊದಲು ಹೇಳುವುದಿಲ್ಲ. ದಿನವಿಡೀ ಪುಡಿ ಒತ್ತಿ ಒತ್ತಿ ಮಣಿಕಟ್ಟು, ಭುಜ ಹಿಡಿದುಕೊಳ್ಳುತ್ತವೆ. ನಿಂತೇ ಇರುವುದರಿಂದ ಸೊಂಟ, ಹಿಮ್ಮಡಿ ನೋವು. ಸ್ಟೀಮ್ ತಾಗಿದ ಸುಟ್ಟ ಗುರುತಂತೂ ಎಲ್ಲರ ಕೈಯಲ್ಲೂ ಇರುತ್ತದೆ. ರುಚಿ ನೋಡುತ್ತಾ ನೋಡುತ್ತಾ ಕೆಫೀನ್ ಜಾಸ್ತಿಯಾಗಿ ನಿದ್ದೆ ಕೆಡುತ್ತದೆ. ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಪರವಾಗಿಲ್ಲ ಅನ್ನುತ್ತಾರೆ. ಎಸ್ಪ್ರೆಸೊದ ಒಂದು ಸಣ್ಣ (ಸಿಂಗಲ್) ಶಾಟ್‌ನಲ್ಲೇ 60ರ ಆಸುಪಾಸು ಇರುತ್ತದೆ, ಲೆಕ್ಕ ಹಾಕಿಕೊಳ್ಳಿ. ಬಾಯಾಡಿಸಿ ಉಗಿಯುವುದನ್ನು ಮೊದಲ ವಾರವೇ ಕಲಿಯಿರಿ, ನಾಚಿಕೆ ಬೇಡ.

ಸಂಬಳ ಸಾಮಾನ್ಯವಾಗಿ ಕಡಿಮೆ, ಟಿಪ್ಸ್ ನೆಚ್ಚಿಕೊಳ್ಳುವಂಥದ್ದಲ್ಲ. ಗಿರಾಕಿಗಳಲ್ಲಿ ಬಹುಪಾಲು ಒಳ್ಳೆಯವರೇ. ಕಿರಿಕಿರಿ ಮಾಡುವ ಒಬ್ಬಿಬ್ಬರು ಮಾತ್ರ ಸಾಲು ಬಾಗಿಲವರೆಗೆ ಬೆಳೆದಾಗಲೇ ಬರುತ್ತಾರೆ, ಅದೇನು ಶಾಪವೋ!

ಮುಂದೆ ದಾರಿ ಇದೆಯಾ ಅಂದರೆ, ಇದೆ. ಟ್ರೈನರ್ ಆಗಬಹುದು, ಬೀಜ ಹುರಿಯುವ ಕಡೆ ಹೋಗಬಹುದು. 2000ದಿಂದ ವಿಶ್ವ ಬರಿಸ್ತಾ ಚಾಂಪಿಯನ್‌ಶಿಪ್ಪೇ ನಡೆಯುತ್ತಿದೆ. 15 ನಿಮಿಷದಲ್ಲಿ 12 ಪಾನೀಯ ಕೊಡಬೇಕು. ಬೆಳಗಿನ ರಶ್ ಕಂಡವರಿಗೆ ಇದೇನು ಮಹಾ ಅನ್ನಿಸಬಹುದು, ಆದರೆ ಅಲ್ಲಿ ಪ್ರತಿ ಗುಟುಕಿಗೂ ಅಂಕ. ಅಲ್ಲಿಯವರೆಗೆ ಹೋಗುವವರು ಬೆರಳೆಣಿಕೆಯಷ್ಟು ಮಂದಿ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

ಸೇರುವ ಮೊದಲು ಒಂದು ದಿನ ಟ್ರಯಲ್ ಕೇಳಿ, ಅದೂ ಮುಚ್ಚುವ ಪಾಳಿಯಲ್ಲಿ. ಮೆಷಿನ್ ಹೊಟ್ಟೆಯೊಳಗಿನ ಜಿಡ್ಡು ತೆಗೆದು, ಡ್ರಿಪ್ ಟ್ರೇಯ ಹಳಸಿದ ಹಾಲು ಚೆಲ್ಲಿ, ನೆಲ ಒರೆಸಿ ನೋಡಿ. ಹಾಗೇ ಎರಡು ವಿಷಯ ವಿಚಾರಿಸಿ. ಟಿಪ್ಸ್ ಹೇಗೆ ಹಂಚುತ್ತಾರೆ? ರಾತ್ರಿ ಮುಚ್ಚಿದವರೇ ಮರುದಿನ ಬೆಳಗ್ಗೆ ತೆರೆಯಬೇಕಾ? ಎರಡನೆಯದಕ್ಕೆ ಹೌದು ಅಂದರೆ ಬೇರೆ ಕಡೆ ನೋಡಿ.