ಕುಡಿಯೋದಕ್ಕಿಂತ ಮೊದ್ಲ ಊಟದ ಮಾತು

ಕುಡಿತ ಬಿಡಸ್ರಿ ಅಂತ ನನ್ನ ಕಡೆ ಬಂದ ಒಬ್ಬರ ಕಥಿ ಇದು, ಗುರ್ತಾ ಸಿಗಬಾರ್ದಂತ ಒಂದೆರಡು ವಿವರ ಬದಲ್ ಮಾಡೀನಿ. ಹುಬ್ಬಳ್ಳಿ ಎಪಿಎಂಸಿಯೊಳಗ ಹಮಾಲಿ ಮಾಡೋರು, ವಯಸ್ಸು 40ರ ಆಸುಪಾಸು, ಮೂಲ ಹಾವೇರಿ ಕಡೆ ಹಳ್ಳಿ. ಹೆಂಡ್ತಿ ಕರ್ಕೊಂಡು ಬಂದಿದ್ರು. "ಇವ್ರ ಕುಡಿಯೋದು ಬಿಡಸ್ರಿ ಮೇಡಮ್ಮಾರ" ಅಂದ್ರು, ನಾ ಕೇಳಿದ್ದು "ಅಣ್ಣಾರ, ನಿನ್ನೆ ಏನೇನ್ ಉಂಡ್ರಿ?"

ಮುಂಜಾನೆ ಎರಡು ಚಾ, ಮಧ್ಯಾಹ್ನ ಗುಟ್ಕಾ, ಸಂಜಿಗೆ ರೊಕ್ಕ ಕೈಗೆ ಬಂದ ಕೂಡ್ಲೆ ಎರಡು ಕ್ವಾರ್ಟರ್, ಜೋಡಿಗೆ ಒಂದ್ ಹಿಡಿ ಶೇಂಗಾ. ಮನಿಗೆ ಬಂದು ತಾಟು ಸರಿಸಿ ಮಲ್ಕೊಳ್ಳೋದು. ಬೆಲ್ಟಿಗೆ ಮೊಳಿಲೆ ಹೊಡೆದ ಮೂರು ಹೊಸಾ ತೂತು ಇದ್ವು, ಕೊಟ್ಟ ಚಾ ಎರಡೂ ಕೈಲೆ ಹಿಡಿದ್ರೂ ಬಸಿಯೊಳಗ ಚೆಲ್ಲತಿತ್ತು.

ಅಕ್ಕಾರನ್ನೂ ಕೇಳ್ದೆ. ಮಕ್ಕಳಿಗೆ ಹಾಕಿ ತಾವು ನೀರು ಕುಡ್ದು ಮಲಗ್ತಿದ್ರು, ರೇಷನ್ ಕಾರ್ಡ್ ಊರಾಗ ಐತಿ, ಇಲ್ಲಿ ಅಕ್ಕಿನೂ ಕೊಂಡ ತರಬೇಕು ಅಂತ. ಕುಡಿಯೋರ ಮನಿಗೆ ಹೋಗಿ ಹೆಂಡ್ತಿ ಉಂಡಾಳೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲ ನೋಡ್ರಿ.

ಹೇಳಿದ್ದು ಇಷ್ಟು. ಕೈ ಇಷ್ಟು ನಡುಗೋ ಮನುಷ್ಯಾ ದೇವ್ರ ಮ್ಯಾಲೆ ಆಣಿ ಮಾಡಿ ಒಮ್ಮಿಗಲೇ ಬಿಟ್ರ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿ ಆಗಬಹುದು, ಜೀವಕ್ಕೂ ಕುತ್ತು, ಅದಕ್ಕ ಮೊದ್ಲ ಧಾರವಾಡದ ಡಿಮ್ಹಾನ್ಸ್‌ಗೆ, ಅಂದ್ರ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರಿಗೆ, ಹೋಗ್ರಿ, ಡಾಕ್ಟರ್ ಕಡೆಯಿಂದ್ಲೇ ಬಿಡಸೋಣ. ಕುಡಿತದಿಂದ ಬಿ1 ವಿಟಮಿನ್ ಮೈಗೆ ಹತ್ತಂಗಿಲ್ಲ, ಊಟಾನೂ ಇಲ್ಲಂದ್ರ ಕೆಲವೇ ವಾರದಾಗ ಖಾಲಿ, ಆಮ್ಯಾಲೆ ನಡಿಗಿ ತೂರಾಡ್ತದ, ನೆನಪು ಹೋಗ್ತದ. ಸುಸ್ತಾದ್ರ ಸಾಕು ಗ್ಲೂಕೋಸ್ ಬಾಟ್ಲಿ ಹಾಕಸೋ ಚಟ ನಮ್ಮ ಮಂದಿಗೆ, ಆದ್ರ ಇಂಥವ್ರಿಗೆ ಬಿ1 ಕೊಡದ ಬರೇ ಗ್ಲೂಕೋಸ್ ಏರಿಸಿದ್ರ ಮಿದುಳಿಗೇ ಪೆಟ್ಟು, ಹಿಂಗ ಕುಡಿತಾರಂತ ಡಾಕ್ಟರಿಗೆ ನಾಚದ ಹೇಳ್ರಿ ಅಂದೆ. ಬಹಳ ದಿನಾ ಉಪಾಸ ಇದ್ದವ್ರಿಗೆ ಮೊದಲನೇ ದಿನಾನ ಹೋಳಿಗಿ ಊಟಾನೂ ಬ್ಯಾಡ, ರಕ್ತದಾಗಿನ ಉಪ್ಪಿನಂಶ ಏರುಪೇರಾಗಿ ಹೃದಯಕ್ಕ ತ್ರಾಸ ಆಗ್ತದ. ಡಾಕ್ಟರ್ ಹೇಳ್ದಂಗ ಸ್ವಲ್ಪ ಸ್ವಲ್ಪ, ಜೋಳದ ಅಂಬಲಿ ಮಜ್ಜಿಗಿ, ಆಮ್ಯಾಲೆ ಮೊಳಕಿ ಬಂದ ಮಡಿಕಿಕಾಳು, ತತ್ತಿ, ರೊಟ್ಟಿ ಜೋಡಿ ಶೇಂಗಾ ಹಿಂಡಿ.

ದೊಡ್ಡದು ಟೈಮಿಂದು. ರೊಕ್ಕ ಸಿಗೋದು 6ಕ್ಕ, ಅಷ್ಟೊತ್ತಿಗೆ ಹೊಟ್ಟಿ ಖಾಲಿ, ಹಸಿವು ಯಾವ್ದು ಕುಡಿಬೇಕನ್ನೋ ಸೆಳೆತ ಯಾವ್ದು ಅವ್ರಿಗೇ ತಿಳಿತಿದ್ದಿಲ್ಲ. 5ಕ್ಕ ಡಬ್ಬಿ ಬಿಚ್ಚಿ ಎರಡು ರೊಟ್ಟಿ ತಿಂದ ಮ್ಯಾಲೇನ ರೊಕ್ಕ ತಗೋಳ್ರಿ ಅಂದೆ. ಡಬ್ಬಿ ಇಲ್ಲದ ದಿನಾ ಮಧ್ಯಾಹ್ನಾನ ಇಂದಿರಾ ಕ್ಯಾಂಟೀನ್, 10 ರೂಪಾಯಿಗೆ ಊಟ. ಕಾರ್ಡ್ ಹಾವೇರಿದು ಇದ್ರೂ ಇಲ್ಲಿ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿ ರೇಷನ್ ತಗೋಬಹುದು, ಅದು ಅವ್ರಿಗೆ ಗೊತ್ತೇ ಇದ್ದಿಲ್ಲ.

ಅಡ್ಮಿಟ್ ಆಗಿ ಬಂದ್ರು. ಯುಗಾದಿಗೆ ಒಮ್ಮಿ ಮತ್ತ ಕುಡದ್ರು, ನಾ ಬೈಲಿಲ್ಲ, ಅವತ್ತು 5ಕ್ಕ ಉಂಡಿದ್ರೇನು ಅಂತ ಕೇಳ್ದೆ, ಇಲ್ಲ ಅಂದ್ರು. ಹೋದ ವಾರ ಅಕ್ಕಾರು ಬಂದಾಗ, ಡಬ್ಬಿ ದಿನಾ ಖಾಲಿ ಬರಾಕತ್ತೈತ್ರಿ, ಈಗ ಮೂರು ರೊಟ್ಟಿ ಕಟ್ಟತೀನಿ ಅಂದ್ರು.