ಬಾಗಿಲ ಬಳಿಯ ಚೀಲವನ್ನು ಎತ್ತಿಡಬೇಡಿ

ಮಡಿಕೇರಿ ತಾಲ್ಲೂಕಿನ ತಾಯಿಯೊಬ್ಬರು ಬರೆದಿದ್ದಾರೆ: ವಯನಾಡಿನ ಭೂಕುಸಿತದ ದೃಶ್ಯಗಳನ್ನು ಟಿ.ವಿ.ಯಲ್ಲಿ ಕಂಡ ದಿನದಿಂದ ಅವರ ಏಳು ವರ್ಷದ ಮಗಳು ಮಲಗುವ ಮುನ್ನ ಶಾಲೆಯ ಚೀಲವನ್ನೂ ಚಪ್ಪಲಿಯನ್ನೂ ಬಾಗಿಲ ಬಳಿ ತಂದಿಡುತ್ತಾಳೆ. ಮಳೆ ಜೋರಾದರೆ ಎದ್ದು ಕೂತು, ‘ನಮ್ಮ ಗುಡ್ಡವೂ ಬೀಳ್ತದಾ ಅಮ್ಮ?’ ಎನ್ನುತ್ತಾಳೆ. ‘ಏನೂ ಆಗಲ್ಲ, ಮಲಗು’ ಎಂದರೆ ಸಮಾಧಾನವಾಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದಾರೆ.

ಸಹೋದರಿ, ನಿಮ್ಮ ಮಗಳ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡ ಜಾರಿದ್ದು, 2020ರಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣುಪಾಲಾದದ್ದು ಅವಳ ನೆನಪಿನಲ್ಲಿ ಇರಲಾರದು. ಆದರೆ ದೊಡ್ಡವರ ಮಾತು ಅವಳ ಕಿವಿಗೆ ಬಿದ್ದೇ ಇರುತ್ತದೆ. ಹಾಗಿರುವಾಗ ‘ಏನೂ ಆಗಲ್ಲ’ ಎಂದರೆ, ಈ ವಿಷಯವನ್ನು ಅಮ್ಮನ ಹತ್ತಿರ ಎತ್ತಬಾರದು ಎಂದಷ್ಟೇ ಅವಳು ತಿಳಿದಾಳು.

ಮೊದಲು ಅವಳು ಏನು ತಿಳಿದುಕೊಂಡಿದ್ದಾಳೆಂದು ಕೇಳಿ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬಂದ ಮಣ್ಣು, ನೀರು, ಬಂಡೆಗಳ ದೃಶ್ಯವನ್ನು ವಾಹಿನಿಗಳು ದಿನವಿಡೀ ತೋರಿಸಿದವು. ನಮಗೆ ಅದು ಹಳೆಯ ದೃಶ್ಯವೇ ಮತ್ತೆ ಬಂದಂತೆ; ಅವಳ ವಯಸ್ಸಿನ ಮಗುವಿಗೆ ಪ್ರತಿ ಸಲವೂ ಇನ್ನೊಂದು ಗುಡ್ಡ ಬಿದ್ದಂತೆ ತೋರಬಹುದು. ಅಮೆರಿಕದಲ್ಲಿ 1995ರ ಒಕ್ಲಹೋಮಾ ಬಾಂಬ್ ಸ್ಫೋಟದ ನಂತರ ನಡೆದ ಅಧ್ಯಯನಗಳಲ್ಲಿ, ದೂರದ ಊರುಗಳ ಮಕ್ಕಳಲ್ಲೂ ಟಿ.ವಿ. ನೋಡಿದ್ದಕ್ಕೂ ಅವರ ಮನಸ್ಸಿನ ತಲ್ಲಣಕ್ಕೂ ನಂಟು ಕಂಡುಬಂದಿತ್ತು. ಆದ್ದರಿಂದ ಸುದ್ದಿಯನ್ನು ಅವಳು ಮಲಗಿದ ಮೇಲೆ ನೋಡಿ. ಮೊಬೈಲಿಗೆ ಬರುವ ವಿಡಿಯೊಗಳಿಗೂ ಇದೇ ಮಾತು.

ಬಾಗಿಲ ಬಳಿಯ ಚೀಲವನ್ನು ಮಾತ್ರ ದಯವಿಟ್ಟು ಎತ್ತಿಡಬೇಡಿ. ಆ ಮಗು ತನ್ನ ಕೈಲಾದ ಏರ್ಪಾಡನ್ನು ತಾನೇ ಮಾಡಿಕೊಂಡಿದೆ, ಒಬ್ಬಳೇ ಮಾಡಿಕೊಂಡಿದೆ ಎಂಬುದೇ ನನ್ನನ್ನು ಕಾಡಿದ್ದು. ನೀವೂ ಜೊತೆಗೆ ಕುಳಿತು ಅದರಲ್ಲಿ ಟಾರ್ಚು, ಮನೆಯ ಕಾಗದಪತ್ರ, ಒಂದು ಸ್ವೆಟರ್ ಇಡಿ. ಮನೆಯ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಇಳಿಜಾರಿನಲ್ಲಿ) ಬಿರುಕು ಕಂಡರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮರ ವಾಲಿದರೆ ಅಪ್ಪ ಅಮ್ಮ ಕಾಯುತ್ತಾ ಕೂರುವುದಿಲ್ಲ, ಎಲ್ಲರೂ ಒಟ್ಟಿಗೆ ಇಂಥವರ ಮನೆಗೆ ಹೋಗುತ್ತೇವೆ ಎಂದು ಮನೆಯ ಹೆಸರು ಹಿಡಿದೇ ಹೇಳಿ. ಹೇಳಿದ್ದನ್ನು ನಿಜವಾಗಿ ಪಾಲಿಸುವ ಸಿದ್ಧತೆಯೂ ನಿಮ್ಮಲ್ಲಿರಬೇಕು.

ಭೂಕುಸಿತಕ್ಕೆ ಸಿಲುಕಿದ ಮುಂಡಕ್ಕೈ ಮತ್ತು ವೆಳ್ಳಾರ್‌ಮಲ ಶಾಲೆಗಳ ಮಕ್ಕಳು ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಮತ್ತೆ ತರಗತಿಗೆ ಬಂದರು. ಇದನ್ನೂ ಅವಳಿಗೆ ತಿಳಿಸಿ. ಗೆಳೆಯರನ್ನು ಕಳೆದುಕೊಂಡವರು ಅವರಲ್ಲಿದ್ದಾರೆ. ಅವಳು ಕೇಳಿದರೆ ಅದನ್ನು ಮುಚ್ಚಿಡಬೇಡಿ.

ಇನ್ನೂ ಕೆಲವು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಶಾಲೆಗೆ ಹೊರಡುವಾಗ ಹೊಟ್ಟೆನೋವು ಎನ್ನುತ್ತಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಅಲ್ಲಿಯವರೆಗೆ ಅವಳು ನಿಮ್ಮ ಪಕ್ಕದಲ್ಲೇ ಮಲಗಲಿ. ಅದೇ ಅಭ್ಯಾಸವಾದೀತೆಂಬ ಚಿಂತೆ ಮಳೆಗಾಲ ಕಳೆದ ಮೇಲಿರಲಿ.